ಕೂದಲಿಗೆ ಉಜ್ಜಿದ ಪಿನ್ನು

ತೀರಿಕೊಂಡ ಅಕ್ಕನ ಕೈಗೆ ಕರಿಕೋಟಿನ ಎಡತೋಳನ್ನು ತೂರಿಸಲು ತಂಗಿಯೂ ಅಕ್ಕನ ಆಫೀಸಿನ ಗುಮಾಸ್ತನೂ ಹೆಣಗುತ್ತಿದ್ದಾಗ ಹೊರಗಿನ ಕೋಣೆಯಲ್ಲಿ ಯಾರೋ ಮತ್ತೆ ಲಿಫ್ಟಿನ ಕತೆ ಶುರುಮಾಡಿದರು. ಬೆಳಗಿನಿಂದ ಇದು ನಾಲ್ಕನೇ ಸಲ. ಇವರಾರೂ ಆ ಲಿಫ್ಟಿನ ಹತ್ತಿರ ಸುಳಿದವರಲ್ಲ, ಆದರೂ ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು.

“ಹದಿನಾರು ವರ್ಷದ ಹುಡುಗಿ. ಲಿಫ್ಟು ಕೆಟ್ಟು ನಿಂತಿದೆ. ಪಕ್ಕದಲ್ಲಿ ಅಷ್ಟು ದೊಡ್ಡ ಸಿನಿಮಾ ನಟಿ, ಭಯಕ್ಕೆ ಬೆವರ್ತಾ ಇದಾಳೆ. ಉಡುಪಿನ ಜಿಪ್ಪು ಬೇರೆ ಕಿತ್ತೋಗಿದೆ,” ಎನ್ನುತ್ತಿದ್ದ ಒಬ್ಬ ವಕೀಲ. “ನಮ್ಮ ಮೇಡಂ ಏನ್ ಮಾಡಿದ್ರು? ಪಿನ್ನು ತೆಗೆದು, ತಲೆಗೂದಲಿಗೆ ಎರಡು ಸಲ ಉಜ್ಜಿ…”

“ಸ್ಟೇಜ್ ಮೇಲೆ ಅದನ್ನ ಮಾಡಿ ತೋರಿಸಿದಾಗ ನಕ್ಕು ನಕ್ಕು ಹೊಟ್ಟೆ ಹುಣ್ಣಾಗ್ತಿತ್ತು,” ಎಂದಳು ಇನ್ನೊಬ್ಬಳು.

ಹಗಲು ಕೋರ್ಟು, ಸಂಜೆ ರಂಗಮಂದಿರ. ಇಪ್ಪತ್ತೆರಡು ವರ್ಷ ಅಕ್ಕ ಒಬ್ಬಳೇ ನಿಂತು ಆ ಕತೆ ಹೇಳಿ ಊರನ್ನು ನಗಿಸಿದ್ದಳು. ತಂಗಿ ಹಲ್ಲು ಕಚ್ಚಿ ತೋಳನ್ನು ಎಳೆದಳು.

“ನೀವೂ ಆ ಲಿಫ್ಟಲ್ಲಿ ಇದ್ರಿ ಅಲ್ವೇನಮ್ಮಾ?” ಗುಮಾಸ್ತ ತಗ್ಗಿದ ದನಿಯಲ್ಲಿ ಕೇಳಿದ. “ಮೇಡಂ ಒಂದ್ಸಲ ಹೇಳಿದ್ರು.”

“ನಿಮ್ಮೊಬ್ಬರಿಗೆ ಹೇಳಿ ಏನು ಬಂತು?”

*

ಲಿಫ್ಟು ಕೆಟ್ಟು ನಿಂತ ದಿನ ಹದಿನಾಲ್ಕರ ತಂಗಿಗೆ ಆಗಲೇ ಹೊಲಿಗೆಯ ಹುಚ್ಚು. ಪಿನ್ನು ಇದ್ದದ್ದು ಅವಳ ಫ್ರಾಕಿನ ತೋಳಿನಲ್ಲಿ. ಬಟ್ಟೆಯಲ್ಲಿ ಸಲೀಸಾಗಿ ಜಾರಲಿ ಎಂದು ಅದನ್ನು ಕೂದಲಿಗೆ ಉಜ್ಜಿ ನಟಿಯ ಉಡುಪಿಗೆ ಹಾಕಿದವಳೂ ಅವಳೇ. ನಟಿ ಅವಳ ಕೆನ್ನೆ ಸವರಿ, “ನಿನ್ನ ಕೈ ನಡುಗಲ್ಲ ಕಣೇ,” ಎಂದಿದ್ದಳು. ಅಕ್ಕ ಮೂಲೆಯಲ್ಲಿ ಬಾಯಿಬಿಟ್ಟುಕೊಂಡು ನಿಂತಿದ್ದಳು, ಅಷ್ಟೇ.

ಎಷ್ಟೋ ವರ್ಷಗಳ ಮೇಲೆ ಅಕ್ಕ ತಂಗಿಯ ಹೊಲಿಗೆ ಅಂಗಡಿಗೆ ಬಂದಳು. “ಲಿಫ್ಟಿನ ಕತೇನ ಸ್ಟೇಜ್ ಮೇಲೆ ಹೇಳ್ತೀನಿ ಕಣೇ. ನೀನೂ ಬಾ.”

“ನಂಗ್ಯಾಕಕ್ಕ ಈ ಕುಣಿತ? ಮನೆಯವರು ಏನಂತಾರೆ? ನನ್ನ ಸುದ್ದೀನೇ ಎತ್ತಬೇಡ.”

“ಎತ್ತಲ್ಲ ಬಿಡು. ಬರಲ್ಲ ಅಂದ ಸಾಕ್ಷೀನ ಕೈಬಿಡೋದು ನಂಗೆ ದಿನಾ ಇರೋ ಕೆಲಸ.”

ಮೊದಲ ಪ್ರದರ್ಶನಕ್ಕೆ ತಂಗಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಪಿನ್ನು, ಅವಳು ಕೂದಲಿಗೆ ಉಜ್ಜಿದ ರೀತಿ, ಅವಳಿಗೆ ಸಿಕ್ಕಿದ ಮಾತು, ಎಲ್ಲ ಅಕ್ಕನ ಪಾಲಾಗಿದ್ದವು. ಜಗಳ ತೆಗೆಯೋಣವೆಂದರೆ ಬೇಡ ಅಂದವಳು ತಾನೇ. ಆ ಸಿಟ್ಟು ಹಾಗೇ ಉಳಿಯಿತು.

*

ಅಕ್ಕನನ್ನು ಮಲಗಿಸಿದ ಪೆಟ್ಟಿಗೆಯನ್ನು ಹೊರಗಿನ ಕೋಣೆಗೆ ತಂದರು. ನಾಲ್ಕು ಮಾತಾಡಿ ಎಂದು ಹಿರಿಯ ವಕೀಲರು ತಂಗಿಯನ್ನು ಕರೆದರು. ಇವತ್ತಾದರೂ ಹೇಳಿಬಿಡಬೇಕೆಂದು ಅವಳು ಎದ್ದಳು.

“ಅವತ್ತು ಲಿಫ್ಟಲ್ಲಿ…”

ಅಷ್ಟಕ್ಕೇ ಎಲ್ಲರ ಮುಖ ಅರಳಿತು. “ನಿನ್ನ ಕೈ ನಡುಗಲ್ಲ ಕಣೇ!” ಎಂದು ಹಿಂದಿನಿಂದ ಯಾರೋ ಮುಗಿಸಿಯೇಬಿಟ್ಟರು. ಉಳಿದವರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ನಗು ನಿಲ್ಲುವಷ್ಟರಲ್ಲಿ ವ್ಯಾನಿನ ಚಾಲಕ ಬಾಗಿಲಿಗೆ ಬಂದು, ಹೊತ್ತಾಯಿತು ಎಂದ.

ಅಕ್ಕನ ಬಿಳಿ ಕೊರಳಪಟ್ಟಿ ಒಂದು ಕಡೆ ಜಾರಿತ್ತು. ತಂಗಿ ಬಾಗಿದಳು.

“ಬಿಡಿ ಅಮ್ಮಾ, ನಮ್ಮ ಜೂನಿಯರ್ ಸರಿಮಾಡ್ತಾಳೆ,” ಎಂದರು ಹಿರಿಯ ವಕೀಲರು.

“ನಾನೇ ಹಾಕ್ತೀನಿ. ಅವತ್ತೂ ನಾನೇ ಹಾಕಿದ್ದು.”

ಗುಮಾಸ್ತ ತಲೆ ತಗ್ಗಿಸಿದ. ಉಳಿದವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಅವಳು ತನ್ನ ರವಿಕೆಯ ತೋಳಿನಿಂದ ಪಿನ್ನು ತೆಗೆದು ಚುಚ್ಚಿದಳು. ಗಂಜಿ ಹಾಕಿದ ಬಟ್ಟೆಯೊಳಗೆ ಅದು ಇಳಿಯಲಿಲ್ಲ. ಹೊರಗೆಳೆದು, ತನ್ನ ನರೆತ ಕೂದಲಿಗೆ ಎರಡು ಸಲ ಉಜ್ಜಿದಳು.

“ನೋಡಿ,” ಎಂದು ಯಾರೋ ಬೆನ್ನ ಹಿಂದೆ ಪಿಸುಗುಟ್ಟಿದರು, “ಥೇಟ್ ಅಕ್ಕನ ಥರಾನೇ ಮಾಡ್ತಾರೆ.”

ಪಿನ್ನು ಹಿಡಿದ ಕೈ ನಡುಗಿತು.