ಐವತ್ತೈದು ಹರ್ಟ್ಸ್

ಟ್ಯೂಬು ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಹಳೆಯ ದಪ್ಪ ಟಿವಿ, ದಪ್ಪ ಮಾನಿಟರ್ ರಿಪೇರಿ ಮಾಡುವವನು ಈಗ ಅವನೊಬ್ಬನೇ. ಆ ಹೆಸರು ಪಿಕ್ಚರ್ ಟ್ಯೂಬಿನಿಂದ ಬಂದದ್ದು ಎಂದು ಅವನು ಹೇಳಿಕೊಳ್ಳುತ್ತಿದ್ದ. ತಡವಾಗಿ ಹೊತ್ತಿಕೊಳ್ಳುವ ಟ್ಯೂಬ್‌ಲೈಟಿನಿಂದ ಬಂದದ್ದು ಎಂದು ಅವನ ಭಾವ ಹೇಳುತ್ತಿದ್ದ. ಭಾವನ ಮಾತಿಗೆ ಒಂದು ಸಣ್ಣ ತಿದ್ದುಪಡಿ ಬೇಕು. ಟ್ಯೂಬಿಗೆ ತಲೆಗೆ ಹೋಗುವುದು ಬೇಗ, ಬಾಯಿಗೆ ಬರುವುದು ತಡ.

ಅಂಗಡಿಯ ಮೂಲೆಯಲ್ಲಿ ಆಳೆತ್ತರದ ಆಟದ ಯಂತ್ರವೊಂದು ನಿಂತಿತ್ತು. ಹಿಂದೆ ಅವನೂ ಅವನ ಅಕ್ಕನೂ ಕೆಲಸಕ್ಕಿದ್ದ ವಿಡಿಯೋ ಗೇಮ್ ಪಾರ್ಲರಿನದು. ಅಕ್ಕ ಟೋಕನ್ ಕೌಂಟರಿನಲ್ಲಿ ಕೂರುತ್ತಿದ್ದಳು, ಇವನು ಯಂತ್ರಗಳ ಬೆನ್ನು ಬಿಚ್ಚುತ್ತಿದ್ದ. ಜನ ಇಲ್ಲದ ಹೊತ್ತಿನಲ್ಲಿ ಅವಳು ಇದೇ ಯಂತ್ರದ ಮುಂದೆ ನಿಂತು ವಿಮಾನದ ಆಟ ಆಡುತ್ತಿದ್ದಳು. ಬರುವ ಗುಂಡುಗಳ ನಡುವೆ ಸೂಜಿಗೆ ದಾರ ಪೋಣಿಸಿದ ಹಾಗೆ ವಿಮಾನ ನುಸುಳಿಸುತ್ತಿದ್ದಳು. ಪಾರ್ಲರ್ ಮುಚ್ಚಿದ ಮೇಲೆ ಹೊಲಿಗೆ ಕಲಿತಳು. ಈಗ ಕೋಟು ಹೊಲಿಸಬೇಕೆಂದರೆ ಜನ ಅವಳ ಮನೆಯನ್ನೇ ಹುಡುಕಿಕೊಂಡು ಬರುತ್ತಾರೆ.

ಈಚೆಗೆ ಅಕ್ಕನಿಗೆ ಕೈ ಹತೋಟಿ ತಪ್ಪುತ್ತಿದೆ ಎಂಬ ಭಯ ಹತ್ತಿತ್ತು. ಕತ್ತರಿ ಒಂದೆರಡು ಸಲ ಗೆರೆ ಬಿಟ್ಟು ಓಡಿತ್ತು. ಡಾಕ್ಟರು ಎರಡೂ ಕೈ ಚಾಚಿಸಿ ನೋಡಿ, ವಯಸ್ಸಿಗೆ ತಕ್ಕ ಹಾಗಿದೆ ಎಂದು ಕಳಿಸಿದ್ದರು. ಗಂಡನನ್ನು ಕೇಳಿದರೆ ನಿನಗೇನಾಗಿದೆ ಅನ್ನುತ್ತಿದ್ದ. ಬಹಳ ಕಾಲದಿಂದ ಜೊತೆಗಿದ್ದ ಶಿಷ್ಯೆಯನ್ನು ಕೇಳಿದರೆ ಅವಳೂ ಅದನ್ನೇ ಅನ್ನುತ್ತಿದ್ದಳು. ಒಂದು ದಿನ ಅಕ್ಕ ತಮ್ಮನ ಅಂಗಡಿಗೆ ಬಂದು, ಆ ಯಂತ್ರಕ್ಕೆ ಜೀವ ಕೊಡು ಎಂದಳು.

“ನೀವೆಲ್ಲ ನನ್ನ ಮುಖ ನೋಡ್ಕೊಂಡು ಮಾತಾಡ್ತೀರ. ಅದು ಯಾರ ಮುಖಾನೂ ನೋಡಲ್ಲ. ಮೂರನೇ ಹಂತ ದಾಟಿದ್ರೆ ಕತ್ತರಿ ಹಿಡೀತೀನಿ. ಇಲ್ಲಾಂದ್ರೆ ಬಿಟ್ಬಿಡ್ತೀನಿ ಕಣೋ.”

ಟ್ಯೂಬು ನಕ್ಕುಬಿಟ್ಟ. ಇದೇನು ಮಹಾ, ನನಗೆ ಬಿಡು ಎಂದ.

ಯಂತ್ರದೊಳಗಿನ ಬೋರ್ಡು ಸುಟ್ಟು ಎಷ್ಟೋ ಕಾಲವಾಗಿತ್ತು. ಅದರ ಜಾಗದಲ್ಲಿ ಒಂದು ಕಂಪ್ಯೂಟರ್ ಇಟ್ಟು, ಹಳೆಯ ಆಟವನ್ನು ಹಾಗೆಯೇ ನಡೆಸುವ ಎಮ್ಯುಲೇಟರ್ ಹಾಕಿದ. ಅದು ಸುಲಭ. ಕಷ್ಟವಿದ್ದದ್ದು ಯಂತ್ರದ ಹಳೆಯ ಮಾನಿಟರಿನಲ್ಲಿ. ಈಗಿನ ಕಂಪ್ಯೂಟರ್ ಕೊಡುವ ಸಿಗ್ನಲ್ಲನ್ನು ಹಾಗೇ ಕೊಟ್ಟರೆ ಅಂಥ ಮಾನಿಟರು ಕಿರುಚಿಕೊಂಡು ಸಾಯುತ್ತದೆ. ರೆಸಲ್ಯೂಷನ್ ಇಳಿಸಬೇಕು, ಗೆರೆಗಳ ಲೆಕ್ಕ ಹೊಂದಿಸಬೇಕು. ಅಷ್ಟನ್ನು ಅವನು ಚೊಕ್ಕವಾಗಿ ಮಾಡಿದ. ಉಳಿದದ್ದು ರಿಫ್ರೆಶ್ ರೇಟು, ಅಂದರೆ ಪರದೆಯ ಮೇಲೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಮೂಡಬೇಕೆಂಬುದು. ಆ ಆಟ ಹುಟ್ಟಿದ್ದು ಐವತ್ತೈದು ಹರ್ಟ್ಸ್, ಅಂದರೆ ಸೆಕೆಂಡಿಗೆ ಐವತ್ತೈದು ಸಲದ ಲೆಕ್ಕದಲ್ಲಿ. ಅವನು ಐವತ್ತೈದು ಕೊಟ್ಟ. ಚಿತ್ರ ನಿಲ್ಲದೆ ಮೇಲಕ್ಕೆ ಉರುಳತೊಡಗಿತು. ಮಾನಿಟರಿನ ಬೆನ್ನಿನಲ್ಲಿರುವ ತಿರುಗಣಿಯನ್ನು ಮೆಲ್ಲಗೆ ತಿರುಗಿಸಿ ಹಿಡಿದು ನಿಲ್ಲಿಸಬೇಕು. ಅದೋ ತುಕ್ಕು ಹಿಡಿದು ಬಿಗಿದುಕೊಂಡಿತ್ತು.

ಅಷ್ಟರಲ್ಲಿ ಅಕ್ಕ, ಭಾವ ಬಂದೇಬಿಟ್ಟರು. ಪಕ್ಕದ ಚಪ್ಪಲಿ ಅಂಗಡಿಯವನೂ ಎದುರಿನ ಬೀಗದವನೂ ಬಂದರು. ಅವರನ್ನು ಕರೆದವನು ಇವನೇ, ವಾರವಿಡೀ ಜಂಬ ಕೊಚ್ಚಿಕೊಂಡವನೂ ಇವನೇ. ಪರದೆ ಉರುಳುವುದನ್ನು ಕಂಡು ಭಾವ, ಆಟಕ್ಕೆ ತಲೆ ಸುತ್ತು ಬಂದಿದೆ ಅಂದ. ಎಲ್ಲರೂ ನಕ್ಕರು. ಟ್ಯೂಬಿಗೆ ಮುಖ ಬಿಸಿಯಾಯಿತು. ಕೀಬೋರ್ಡಿಗೆ ಕೈ ಹಾಕಿ ಅರವತ್ತು ಮಾಡಿದ. ಆಟವೂ ಮಾನಿಟರಿನ ಹೆಜ್ಜೆಗೆ ಹೆಜ್ಜೆ ಹಾಕಲಿ ಎಂದು ಇನ್ನೊಂದು ಆಯ್ಕೆಗೂ ಗುರುತು ಹಾಕಿದ. ಚಿತ್ರ ಗಕ್ಕನೆ ನಿಂತಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಶುರುವಿನ ಹಾಡು ಬಂದಾಗ ಅವನಿಗೆ ತಕ್ಷಣ ತಿಳಿಯಿತು. ಹಾಡು ಓಡುತ್ತಿತ್ತು. ಐವತ್ತೈದರ ಆಟವನ್ನು ಅರವತ್ತಕ್ಕೆ ಎಳೆದರೆ ಹಾಡೊಂದೇ ಓಡುವುದಿಲ್ಲ, ಗುಂಡುಗಳೂ ಅಷ್ಟೇ ಬೇಗ ಬರುತ್ತವೆ. ಒಂದು ನಿಮಿಷ ಇರಿ, ಸರಿ ಮಾಡಬೇಕು ಎಂದಿದ್ದರೆ ಮುಗಿಯುತ್ತಿತ್ತು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅವನು ಸುಮ್ಮನಿದ್ದ.

ಅಕ್ಕ ಮೊದಲ ಹಂತದಲ್ಲೇ ಸತ್ತಳು. ಮತ್ತೆ ಆಡಿದಳು, ಅಲ್ಲೇ ಸತ್ತಳು. ಆಮೇಲೆ ಕೈ ಒರೆಸಿಕೊಂಡು, ವಿಮಾನ ಸರಿಸುವ ಹಿಡಿಯನ್ನು ಬಿಗಿಯಾಗಿ ಹಿಡಿದು ಇನ್ನೊಂದು ಸಲ ಆಡಿದಳು. ವಿಮಾನ ಗುಂಡು ಬಂದ ಮೇಲೆ ಸರಿಯುತ್ತಿತ್ತು. ಬೀಗದವನು ಬೇರೆ ಕಡೆ ನೋಡಿದ.

“ಆಟ ಹಾಗೇ ಇದೆ, ಪಾಪ,” ಎಂದಳು ಅಕ್ಕ. “ಕೈಯೇ ಹೋಗಿದೆ. ಒಳ್ಳೆ ಕೆಲಸ ಮಾಡಿದೆ ಕಣೋ, ಗೊತ್ತಾಯ್ತಲ್ಲ.”

ತಮ್ಮನ ಭುಜ ತಟ್ಟಿ ಹೋದಳು. ಅವಳು ತಟ್ಟಿದ ಜಾಗ ಅವನಿಗೆ ಅವತ್ತೆಲ್ಲ ಉರಿಯಿತು. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಬಂದಾಗ, ಭಾವ ಇಲ್ಲದ ಹೊತ್ತು ನೋಡಿ ಹೇಳಿದರಾಯಿತು ಎಂದುಕೊಂಡ. ನಾಚಿಕೆಗೇಡಿ ಮನಸ್ಸಿಗೆ ನೆಪಗಳ ಬರವೇ? ಆ ವಾರದ ಕೊನೆಗೆ ಭಾವನೇ ಅಂಗಡಿಗೆ ಬಂದ. ತಮಾಷೆ ಮಾಡಲಿಲ್ಲ. ಅಕ್ಕ ಕತ್ತರಿಯನ್ನು ಶಿಷ್ಯೆಗೆ ಕೊಟ್ಟುಬಿಟ್ಟಳಂತೆ. ಬಂದ ಕೋಟುಗಳನ್ನೆಲ್ಲ ಅವಳ ಮನೆಗೇ ಕಳಿಸುತ್ತಿದ್ದಾಳಂತೆ. ಹಗಲು ಹೊತ್ತು ಸುಮ್ಮನೆ ಕಿಟಕಿಯ ಹತ್ತಿರ ಕೂತಿರುತ್ತಾಳೆ, ನೋಡೋಕಾಗಲ್ಲ ಎಂದ.

ಭಾವ ಹೋದ ಮೇಲೆ ಟ್ಯೂಬು ಯಂತ್ರದ ಬೆನ್ನು ಬಿಚ್ಚಿದ. ತಿರುಗಣಿಗೆ ಎಣ್ಣೆ ಬಿಟ್ಟು ಕಾದ. ಐವತ್ತೈದು ಕೊಟ್ಟು, ಅದನ್ನು ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ ಉರುಳುವ ಚಿತ್ರವನ್ನು ನಿಲ್ಲಿಸಿದ. ಹಾಡು ತನ್ನ ನಡಿಗೆಗೆ ಬಂತು. ಚಹಾ ಕುಡಿದು ಬರುವಷ್ಟು ಹೊತ್ತಿನ ಕೆಲಸ. ಅದನ್ನು ನೆನೆದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಫೋನ್ ಮಾಡಿದಾಗ ನಾಲಿಗೆ ಹೊರಳಲಿಲ್ಲ. ಒಂದು ವೈರ್ ಲೂಸ್ ಇತ್ತು, ಇನ್ನೊಂದು ಸಲ ಬಂದು ಆಡಿ ನೋಡು ಎಂದಷ್ಟೇ ಹೇಳಿದ.

ಅಕ್ಕ ಒಬ್ಬಳೇ ಬಂದಳು. ಯಂತ್ರದ ಮುಂದೆ ನಿಂತಳು. ಹಾಡು ಶುರುವಾಯಿತು. ಅವಳು ಹಿಡಿಯನ್ನು ಮುಟ್ಟಲೇ ಇಲ್ಲ, ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಆಡಿದಳು. ಮೊದಲ ಹಂತ ದಾಟಿತು, ಎರಡನೆಯದೂ ದಾಟಿತು. ಮೂರನೆಯದರ ನಡುವೆ, ವಿಮಾನ ಇನ್ನೂ ಗಟ್ಟಿಯಾಗಿದ್ದಾಗಲೇ, ಹಿಡಿ ಬಿಟ್ಟು ಈ ಕಡೆ ತಿರುಗಿದಳು. ಹಿಂದೆ ಗುಂಡು ಬಿದ್ದ ಸದ್ದಾಯಿತು.

“ಅವತ್ತು ಹಾಡು ಓಡ್ತಿತ್ತು. ಇವತ್ತು ನಡೀತಿದೆ. ಲೂಸಾಗಿದ್ದು ವೈರಾ?”

“ವೈರಲ್ಲ,” ಎಂದ ಅವನು.

“ನಿಂಗೆ ಅವತ್ತೇ ಗೊತ್ತಿತ್ತಾ?”

“ಗೊತ್ತಿತ್ತು ಅಕ್ಕಾ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಚಪ್ಪಲಿ ಮೆಟ್ಟಿಕೊಂಡು, ನಡಿ ಎಂದಳು. ಅವನು ಹಿಂದೆಯೇ ಹೊರಟ. ದಾರಿಯಲ್ಲಿ ಒಂದೇ ಮಾತಾಡಿದಳು: ಕೊಟ್ಟಿದ್ದನ್ನ ವಾಪಸ್ ಕೇಳೋಕೆ ನಂಗೆ ಬಾಯಿಲ್ಲ, ನೀನೇ ಕೇಳು, ಯಾಕೆ ಅಂತಾನೂ ನೀನೇ ಹೇಳು.

ಶಿಷ್ಯೆಯ ಮನೆಯ ಮುಂದಿನ ಕೋಣೆಯಲ್ಲಿ ಇಬ್ಬರು ಗಿರಾಕಿಗಳು ಅಳತೆ ಕೊಡಲು ನಿಂತಿದ್ದರು. ಅವರು ಹೋಗಲಿ ಎಂದು ಅವನು ಬಾಗಿಲಲ್ಲೇ ನಿಂತ. ಅಕ್ಕ ಅವನ ಕಡೆ ನೋಡಿದಳು. ಅವನು ಒಳಗೆ ಹೋಗಿ ಎಲ್ಲರ ಎದುರಿಗೇ ಹೇಳಿದ: ಅಕ್ಕನ ಕೈಗೆ ಏನೂ ಆಗಿಲ್ಲ, ಆಟವನ್ನು ಬೇಗ ಓಡಿಸಿದವನು ನಾನು, ಗೊತ್ತಿದ್ದೂ ಸುಮ್ಮನಿದ್ದೆ. ಗಿರಾಕಿಗಳಿಗೆ ತಲೆ ಬುಡ ತಿಳಿಯಲಿಲ್ಲ. ಶಿಷ್ಯೆಗೆ ತಿಳಿಯಿತು. ಅವಳು ಮೇಜಿನ ಮೇಲಿದ್ದ ಕತ್ತರಿಯನ್ನು ತಕ್ಷಣ ಎತ್ತಿ ಕೊಟ್ಟಳು; ಕೊಡುವಾಗ ಅವಳೇ ತಪ್ಪು ಮಾಡಿದವಳಂತೆ ಕೆಂಪಾದಳು. ಕತ್ತರಿಯಲ್ಲಿ ಹೆಬ್ಬೆರಳು ತೂರಿಸುವ ಬಳೆಗೆ ಅಕ್ಕ ಎಂದೋ ಸುತ್ತಿದ್ದ ಬಟ್ಟೆ ಇರಲಿಲ್ಲ. ಅಕ್ಕನ ಹೆಬ್ಬೆರಳಿಗೆ ತಕ್ಕ ಹಾಗೆ ಸವೆದು ಕೂತಿದ್ದ ಆ ಪಟ್ಟಿಯನ್ನು ಬಿಚ್ಚಿ ಎಸೆದು, ಶಿಷ್ಯೆ ತನ್ನ ಬೆರಳಿಗೆ ಹೊಸದು ಸುತ್ತಿಕೊಂಡಿದ್ದಳು.

ಅಕ್ಕ ಬೆರಳು ತೂರಿಸಿ ನೋಡಿದಳು. ಕೂರಲಿಲ್ಲ. ಹೊಸ ಪಟ್ಟಿ ಬಿಚ್ಚಿದಳು. ಕೆಳಗೆ ಬಿದ್ದಿದ್ದ ಚೂರುಗಳಿಂದ ಒಂದು ಉದ್ದನೆಯ ಪಟ್ಟಿ ಆರಿಸಿ ತಮ್ಮನ ಕೈಗೆ ಕೊಟ್ಟಳು.

“ಸುತ್ತು,” ಎಂದಳು.

ಅವನು ಮಂಡಿಯೂರಿ ಕೂತ. ಅಕ್ಕ ಹೆಬ್ಬೆರಳು ಚಾಚಿದಳು. ಅವನು ಬಳೆಯ ಸುತ್ತ ಪಟ್ಟಿ ಹಾಕಿದ, ಅದು ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಚಾಚಿದ ಅವಳ ಕೈ ನಿಂತಲ್ಲೇ ನಿಂತಿತ್ತು.

“ನಿನ್ನ ಕೈ ನಡುಗ್ತಿದೆಯಲ್ಲೋ,” ಎಂದಳು ಅಕ್ಕ.