ಒಂದು ಗೇಣು

"ನನ್ನ ಕಾಲಿಗೆ ಭಯ ಹತ್ತಿದೆ ಅಕ್ಕ," ಎಂದ ತಮ್ಮ. "ಹದವಾಗಿ ತುಳಿ ಅಂತ ತಲೆ ಹೇಳುತ್ತೆ, ಅದು ಮಾತೇ ಕೇಳಲ್ಲ."

ರೇಸ್ ಕಾರಿನ ಕೆಳಗೆ ಅಂಗಾತ ಮಲಗಿದ್ದ ಅಕ್ಕನಿಗೆ ಅವನ ಬೂಟುಗಳು ಮಾತ್ರ ಕಾಣುತ್ತಿದ್ದವು. ಬಲಗಾಲಿನದು ಸುಮ್ಮನೆ ನೆಲ ಕೆರೆಯುತ್ತಿತ್ತು.

ಬೆಳಗಿನಿಂದ ಅಭ್ಯಾಸಕ್ಕೆಂದು ಎರಡು ಸಲ ಕಾರು ಬಿಟ್ಟಾಗಿತ್ತು. ಎರಡು ಸಲವೂ ಹಸಿರು ದೀಪ ಹತ್ತಿದ ಕೂಡಲೇ ಹಿಂದಿನ ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗಿ ಹೊಗೆಯೆಬ್ಬಿಸಿದವು. ಅಷ್ಟರಲ್ಲಿ ಪಕ್ಕದ ಕಾರು ಅರ್ಧ ದಾರಿ ದಾಟಿತ್ತು. ಎಣ್ಣೆ ಕಾಯುವಷ್ಟು ಹೊತ್ತೂ ಇಲ್ಲದ ಈ ನೇರ ದಾರಿಯ ಪಂದ್ಯದಲ್ಲಿ ಹೊರಡುವಾಗ ಎಡವಿದವನು ಮನೆಗೆ ಹೋಗಬಹುದು.

ಹೊರಡುವಾಗ ಕಾರಿನ ಮೂತಿ ಸ್ವಲ್ಪ ಏಳಬೇಕು. ಆಗ ಭಾರ ಹಿಂದಕ್ಕೆ ಜಾರಿ ಹಿಂದಿನ ಚಕ್ರಗಳು ನೆಲ ಕಚ್ಚುತ್ತವೆ. ಏಳದಿದ್ದರೆ ಚಕ್ರ ಜಾರುತ್ತದೆ. ಮಿತಿಮೀರಿ ಎದ್ದರೆ ಏನಾಗುತ್ತದೆಂದು ಹಿಂದಿನ ಪಂದ್ಯದಲ್ಲೇ ಎಲ್ಲರೂ ನೋಡಿದ್ದರು. ಕಾರು ಹಿಂಗಾಲ ಮೇಲೆ ನಿಂತ ಕುದುರೆಯಾಗಿತ್ತು. ತಮ್ಮನಿಗೆ ಕಂಡದ್ದು ಬರೀ ಆಕಾಶ. ಅಷ್ಟೆತ್ತರದಿಂದ ಧೊಪ್ಪನೆ ಬಿದ್ದಾಗ ಅವನ ಹೆಗಲ ಮೂಳೆ ಮುರಿಯಿತು. ಜನ ಶಿಳ್ಳೆ ಹೊಡೆದರು. ಜನಕ್ಕೇನು, ಗೆದ್ದರೂ ಶಿಳ್ಳೆ, ಬಿದ್ದರೂ ಶಿಳ್ಳೆ.

ಮೊದಲ ಕಾರು ಕಟ್ಟಿದ ದಿನವೇ ಇಬ್ಬರ ನಡುವೆ ಮಾತಾಗಿತ್ತು: ಸ್ಟೀರಿಂಗ್ ನಿಂದು, ನೆಲ ನಂದು. ಅವಳು ಎಂದೂ ಚಾಲಕನ ಸೀಟಿನಲ್ಲಿ ಕೂತವಳಲ್ಲ, ಅವನು ಎಂದೂ ಕಾರಿನ ಕೆಳಗೆ ಇಣುಕಿದವನಲ್ಲ. ಹಾಗಾಗಿ ಮೂತಿ ಏಳದಂತೆ ಹಿಡಿಯುವ ದಪ್ಪ ಪಟ್ಟಿಯನ್ನು ಅವಳು ಉಸಿರಾಡಲೂ ಬಿಡದಂತೆ ಬಿಗಿದಿದ್ದು ಅವನಿಗೆ ಗೊತ್ತಿರಲಿಲ್ಲ.

"ಸಂಜೆ ಓಟ ಒಂದು ಮುಗಿಸಿ ಬಿಟ್ಬಿಡ್ತೀನಿ," ಎಂದ ತಮ್ಮ. "ಸೀಟು ಬೇರೆ ಯಾರಿಗಾದ್ರೂ ಕೊಡು."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅಕ್ಕನಿಗೆ ನಿಜವಾಗಿಯೂ ಸಂತೋಷವಾಯಿತು. ತಾಯಿ ಹೋದಮೇಲೆ ಅವನ ತಲೆ ಬಾಚಿ ಬೆಳೆಸಿದವಳು ಅವಳು. ಈಗ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅವನು ಇನ್ನೆಂದೂ ಆಕಾಶ ನೋಡುವುದಿಲ್ಲ.

ತಮ್ಮ ಸಾಮಾನಿನ ಪೆಟ್ಟಿಗೆಯ ಮೇಲೆ ಕುಳಿತ. ಮೊಣಕಾಲನ್ನು ಯಾರದೋ ಎಂಬಂತೆ ಒತ್ತಿ ನೋಡಿಕೊಂಡ.

"ಬೆಳಿಗ್ಗೆ ಮಗಳು ಕೇಳಿದ್ಲು, ಅಪ್ಪಾ ನಿಂಗೆ ಹೆದರಿಕೇನಾ ಅಂತ. ಹೂಂ ಅಂದೆ. ಮಗೂಗೆ ಸುಳ್ಳು ಹೇಳೋಕಾಗುತ್ತಾ."

ಸಂತೋಷ ಅಲ್ಲಿಗೇ ಇಂಗಿತು. ಮೂಳೆಯಾದರೆ ಕೂಡಿಕೊಂಡಿತ್ತು. ಅವನಿಗೆ ತನ್ನ ಮೇಲಿದ್ದ ನಂಬಿಕೆ ಹಾಗೆ ಕೂಡಿಕೊಳ್ಳುವಂಥದಲ್ಲವೆಂದು ಅವಳಿಗೆ ಅರ್ಥವಾಯಿತು.

"ಪುಟ್ಟಾ, ಕೆಳಗೆ ಬಾ," ಎಂದಳು. ನಲವತ್ತು ದಾಟಿ ಮೀಸೆ ಬೆಳ್ಳಗಾದರೂ ಅವಳಿಗೆ ಅವನು ಪುಟ್ಟನೇ.

"ನೆಲ ನಿಂದಲ್ವಾ?"

"ಇವತ್ತೊಂದಿನ ಬಾ."

ಅವನು ತೆವಳಿಕೊಂಡು ಪಕ್ಕದಲ್ಲಿ ಮಲಗಿದ. ಅಕ್ಕ ಪಟ್ಟಿಯನ್ನು ಬೆರಳಿನಿಂದ ಮೀಟಿದಳು. ಅದು ಒಂದಿಷ್ಟೂ ಅಲ್ಲಾಡಲಿಲ್ಲ.

"ಇದು ಇಷ್ಟು ಬಿಗಿ ಇತ್ತಾ?" ಎಂದ ತಮ್ಮ.

"ಇರ್ಲಿಲ್ಲ. ನಿನ್ನ ಹೆಗಲಿನ ಕಟ್ಟು ಬಿಚ್ಚಿದ ದಿನ ಬಿಗಿದೆ."

ತಮ್ಮ ತಾನೂ ಪಟ್ಟಿಯನ್ನು ಮೀಟಿ ನೋಡಿದ. "ಮತ್ತೆ ನನ್ನ ಕಾಲು?"

"ನಿನ್ನ ಕಾಲಿಗೇನೂ ಆಗಿಲ್ಲ ಕಣೋ. ಹೆದರಿದ್ದು ನನ್ನ ಕೈ."

"ನಾನು ರಾತ್ರಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು ಗೊತ್ತಾ ನಿಂಗೆ?"

"ಬೈಯೋ ಹಾಗಿದ್ರೆ ಬೈದುಬಿಡು," ಎಂದಳು.

"ಬೈಯೋಕೆ ಇಲ್ಲಿ ಬಾಯಿ ತೆರೆದ್ರೆ ಎಣ್ಣೆ ಬೀಳುತ್ತೆ."

ಅವನ ದನಿಯಲ್ಲಿ ಸಿಟ್ಟು ಇನ್ನೂ ಇತ್ತು. ಆದರೂ ಪಕ್ಕದಲ್ಲಿದ್ದ ಸ್ಪ್ಯಾನರನ್ನು ಅವಳ ಕಡೆ ತಳ್ಳಿದ. ಅಕ್ಕ ನಟ್ಟು ಸಡಿಲಿಸಿದಳು. ನಂತರ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳದ್ದನ್ನು ಕೇಳಿದಳು. "ಮುಂದಿನ ಚಕ್ರ ಎಷ್ಟು ಏಳ್ಲಿ?"

ಅವನು ಹೆಬ್ಬೆರಳು ಕಿರುಬೆರಳು ಚಾಚಿ ತೋರಿಸಿದ. "ಒಂದು ಗೇಣು."

"ನಿನ್ನದು ರಾಕ್ಷಸನ ಕೈ. ನನ್ನ ಗೇಣು."

"ಸರಿ, ನಿನ್ನ ಗೇಣೇ."

ಅದಕ್ಕೆ ತಕ್ಕಂತೆ ಅವಳು ಪಟ್ಟಿಗೆ ಸಡಿಲ ಕೊಟ್ಟಳು, ಮುಂದಿನ ಶಾಕ್ ಅಬ್ಸಾರ್ಬರುಗಳನ್ನು ತುಸು ಮೆತ್ತಗೆ ಮಾಡಿದಳು. ತಮ್ಮ ಟಾರ್ಚ್ ಹಿಡಿದುಕೊಂಡಿದ್ದ.

ಸಂಜೆ ಕಾರು ಗೆರೆಗೆ ಬಂದಾಗ ಅಕ್ಕ ಎಂದಿನಂತೆ ಬೇಲಿಯ ಪಕ್ಕ ಬೋರಲು ಮಲಗಿ ಡಾಂಬರಿಗೆ ಕೆನ್ನೆ ಕೊಟ್ಟಳು. ಚಕ್ರದ ಅಡಿ ಕಾಣುವುದು ಅಲ್ಲಿಂದಲೇ. ಬೆಳಿಗ್ಗೆ ಎರಡು ಸಲವೂ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಈ ಸಲ ಮುಚ್ಚಬಾರದೆಂದು ಹಲ್ಲು ಕಚ್ಚಿದಳು.

ಹಸಿರು ಹತ್ತಿತು. ಹೊಗೆ ಏಳಲಿಲ್ಲ. ಮೂತಿ ಎದ್ದಿತು, ಮುಂದಿನ ಚಕ್ರ ನೆಲ ಬಿಟ್ಟಿತು. ಅದರ ಅಡಿಯಲ್ಲಿ ಆಚೆ ಬದಿಯ ಒಣಹುಲ್ಲು ಕಂಡಿತು, ಹುಲ್ಲಿನ ನಡುವೆ ಯಾರದೋ ಬಿಳಿ ಬೂಟುಗಳೂ ಕಂಡವು. ಚಕ್ರ ಅಷ್ಟೆತ್ತರಕ್ಕೇ ನಿಂತು, ಹಾಗೇ ಮುಂದೆ ಸಾಗಿ, ದೂರದಲ್ಲಿ ಮೆಲ್ಲಗೆ ನೆಲ ಮುಟ್ಟಿತು.

ಜನ ಶಿಳ್ಳೆ ಹೊಡೆಯುತ್ತಿದ್ದರು. ಯಾರು ಗೆದ್ದರೆಂದು ಅಕ್ಕ ತಲೆಯೆತ್ತಿ ನೋಡಲಿಲ್ಲ. ಇನ್ನೂ ಬಿಸಿಯಿದ್ದ ಡಾಂಬರಿನ ಮೇಲೆ ಅವಳ ಬಲಗೈ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಚಾಚಿಕೊಂಡೇ ಇತ್ತು.