ಬಾವುಟದ ಕೌದಿ

ಕೌದಿ ಹೊಲಿಯುವುದರಲ್ಲಿ ತುಳಸಾಬಾಯಿಯದು ಎತ್ತಿದ ಕೈ. ಸುರಪುರದ ಕಡೆಯ ಅವಳ ಊರಿನಲ್ಲಿ ಅರ್ಧ ಜನ ಅವಳ ಕೌದಿ ಹೊದ್ದೇ ದೊಡ್ಡವರಾದದ್ದು. ಅಂಥವಳು ಮಗನ ಬೆನ್ನು ಹತ್ತಿ ಹೈದರಾಬಾದಿಗೆ ಬಂದು, ಮಾದಾಪುರದ ತಗಡಿನ ಶೆಡ್ಡಿನಲ್ಲಿ ಮೊದಲ ಮೊಮ್ಮಗನಿಗೆ ಹೊದಿಸಲು ಕೌದಿಯಿಲ್ಲದೆ ಕೂತಿದ್ದಳು. ಸುತ್ತಮುತ್ತ ಕಂಪ್ಯೂಟರ್ ಕಂಪನಿಗಳ ಗಾಜಿನ ಮಹಡಿಗಳು ಏಳುತ್ತಿದ್ದವು. ಅವನ್ನು ಕಟ್ಟುವವರ ಮೈಮೇಲಿನ ಬಟ್ಟೆಯನ್ನು ಸಿಮೆಂಟೇ ತಿಂದು ಹಾಕುತ್ತಿತ್ತು, ಕೌದಿಗೆಂದು ಒಂದು ಚೂರೂ ಉಳಿಯುತ್ತಿರಲಿಲ್ಲ.

ಸುಲ್ತಾನ್ ಬಜಾರಿನಿಂದ ಹೊಸ ಕಟ್‌ಪೀಸ್ ತರುತ್ತೇನೆ ಎಂದು ಸೊಸೆ ಶಿವದೇವಿ ಹೇಳಿದರೆ ಮುದುಕಿ ಒಪ್ಪಬೇಕಲ್ಲ.

“ಹಸಗೂಸಿಗೆ ಹೊಸಾ ಅರಿವಿ ಹೊಚ್ಚಬಾರದವ್ವ, ದೃಷ್ಟಿ ಆಕ್ಕೈತಿ. ಅಪ್ಪನ ಮೈಬೆವರು ಹತ್ತಿದ್ದು ಇರಬೇಕು. ಅದ್ರಾಗ ಇರೋ ಬೆಚ್ಚಗ ಬ್ಯಾರೆದ್ರಾಗ ಇಲ್ಲ.”

ಅಪ್ಪನ ಬೆವರು ಹತ್ತಿದ ಬಟ್ಟೆಯನ್ನು ಕೊನೆಗೆ ಅಪ್ಪನೇ ತಂದ. ಚಂದ್ರಾಮ ಆಗ ಕಟ್ಟಡದ ಕೆಲಸ ಬಿಟ್ಟು ಕಾಡಿನ ಕೆಲಸಕ್ಕೆ ಹೋಗಿ, ವಾರಗಟ್ಟಲೆ ಅಲ್ಲೇ ಉಳಿಯುತ್ತಿದ್ದ. ದೂರದ ತೇಗದ ಕಾಡಿಗೆ ಹುಳ ಬಿದ್ದು, ಮಳೆಗಾಲದಲ್ಲೇ ಮರಗಳು ಎಲೆಯಿಲ್ಲದೆ ಬೋಳಾಗಿ ನಿಂತಿದ್ದವು. ಹುಳ ಕೊಲ್ಲಲು ಗುತ್ತಿಗೆದಾರನೊಬ್ಬ ವಿಮಾನ ತಂದಿದ್ದ. ಅದೂ ಎಂಥ ವಿಮಾನ? ಒಂದು ಕಾಲಕ್ಕೆ ಯುದ್ಧದಲ್ಲಿ ಬಾಂಬು ಹಾಕಿ ಬಂದದ್ದು. ವಯಸ್ಸಾಯಿತೆಂದು ಹರಾಜಿಗೆ ಬಿದ್ದ ಮೇಲೆ, ಬಾಂಬು ಇಡುತ್ತಿದ್ದ ಅದರ ಹೊಟ್ಟೆಗೆ ಎಣ್ಣೆಯ ಟ್ಯಾಂಕು ಕೂಡಿಸಿದ್ದರು. ಹುಳದ ಔಷಧಕ್ಕೆ ನಮ್ಮ ಕಡೆ ಎಣ್ಣೆ ಎನ್ನುವುದೇ ರೂಢಿ. ಮೇಲಿನಿಂದ ನೋಡುವ ಪೈಲಟನಿಗೆ ಎಲ್ಲಿ ಹೊಡೆದಾಯಿತು, ಎಲ್ಲಿ ಬಾಕಿ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಕೆಳಗೊಬ್ಬ ಉದ್ದನೆಯ ಬಿದಿರಿಗೆ ಬಿಳಿ ಬಾವುಟ ಕಟ್ಟಿ, ಮರಗಳ ಮೇಲೆ ಕಾಣುವಂತೆ ಎತ್ತಿ ಹಿಡಿದು ನಿಲ್ಲಬೇಕು. ವಿಮಾನ ನೆತ್ತಿಯ ಮೇಲೆ ಹಾದು ಹೋಗುತ್ತದೆ, ಎಣ್ಣೆ ಮಂಜಿನ ಹಾಗೆ ಇಳಿಯುತ್ತದೆ, ಅವನು ಮುಂದಿನ ಸಾಲಿಗೆ ಸರಿಯುತ್ತಾನೆ. ಗಾಜಿನ ಮಹಡಿಗಳಲ್ಲಿ ಕೂತವರು ಅಮೆರಿಕದ ಕೆಲಸವನ್ನು ಇಲ್ಲಿಂದಲೇ ಮಾಡಿ ಮುಗಿಸುತ್ತಿದ್ದ ಕಾಲ ಅದು. ವಿಮಾನಕ್ಕೆ ದಾರಿ ತೋರಿಸಲು ಮಾತ್ರ ಇಲ್ಲೊಬ್ಬ ಮನುಷ್ಯ ಕಂಬವಾಗಿ ನಿಲ್ಲಬೇಕಿತ್ತು. ಹೇಳಿದರೆ ಹೊಟ್ಟೆ ಉರಿಯುತ್ತದೆ.

ತುಳಸಾಬಾಯಿಗೆ ಹೊಟ್ಟೆ ಉರಿಯಲಿಲ್ಲ, ಎದೆ ಉಬ್ಬಿತು. ಮಗ ಮಿಲಿಟರಿ ವಿಮಾನಕ್ಕೆ ದಾರಿ ತೋರಿಸುತ್ತಾನೆ ಎಂದು ನೀರಿನ ನಲ್ಲಿಯ ಹತ್ತಿರ ಎಲ್ಲರಿಗೂ ಹೇಳಿದಳು. ಹಳೆಯ ಬಾವುಟಗಳನ್ನು ಬಿಸಾಡುತ್ತಾರೆಂದು ಅವನು ಒಂದು ಗಂಟು ಕಟ್ಟಿ ತಂದಾಗ ಅವಳ ಖುಷಿ ಕೇಳಬೇಡಿ. ಗಟ್ಟಿ ಹತ್ತಿಯ ಬಟ್ಟೆ. ಎಣ್ಣೆಯ ಘಾಟು ಇತ್ತು, ಮಗನ ಬೆವರಿನ ವಾಸನೆಯೂ ಇತ್ತು. ಸಬಕಾರ ಹಚ್ಚಿ ಉಜ್ಜಿ ಉಜ್ಜಿ ತೊಳೆದಳು. ಬಿಸಿಲು ಬಿದ್ದ ದಿನ ಒಣಗಿಸಿದಳು. ಸೊಸೆಯ ಹಳೆಯ ಕೆಂಪು ಸೀರೆಯನ್ನು ಅಂಚಿಗಿಟ್ಟು, ಒತ್ತೊತ್ತಾಗಿ ಹೊಲಿಗೆ ಹಾಕಿ, ಕೂಸಿಗೆ ಹೊದಿಸಿ ದೂರ ನಿಂತು ನೋಡಿ ನೆಟಿಕೆ ಮುರಿದಳು.

ಎಣ್ಣೆ ಎಲ್ಲಿಗೂ ಹೋಗಿರಲಿಲ್ಲ. ಸಬಕಾರಕ್ಕೂ ಬಿಸಿಲಿಗೂ ಜಗ್ಗದೆ ನೂಲಿನೊಳಗೆ ಕೂತಿತ್ತು. ಇದನ್ನು ಅವಳಿಗೆ ಹೇಳುವವರು ಒಬ್ಬರೂ ಇರಲಿಲ್ಲ.

ಕೂಸು ಸಪ್ಪಗಾಯಿತು. ಬಾಯಿಂದ ಜೊಲ್ಲು ನಿಲ್ಲದು, ಮೈ ತಣ್ಣಗಾದರೂ ಬೆವರುವುದು ತಪ್ಪದು. ಸರ್ಕಾರಿ ದವಾಖಾನೆಗೆ ಒಯ್ದರು. ಅಲ್ಲಿ ಬಟ್ಟೆಯೆಲ್ಲ ಬಿಚ್ಚಿಸಿ, ಮೈ ಒರೆಸಿ, ಅವರದೇ ಬಿಳಿ ಚಾದರ ಸುತ್ತಿದರು. ಕೂಸು ಚೇತರಿಸಿಕೊಂಡಿತು. ಹೊಟ್ಟೆ ಕೆಟ್ಟಿತ್ತು, ಸರಿಹೋಯಿತು ಎಂದು ಹೇಳಿ ಕಳಿಸಿದರು. ಶೆಡ್ಡಿಗೆ ಬಂದರೆ ಜಿಟಿಜಿಟಿ ಮಳೆ, ತಗಡಿನಿಂದ ಇಳಿಯುವ ಥಂಡಿ. ತುಳಸಾಬಾಯಿ ಕೌದಿಯನ್ನು ಎರಡು ಮಡಿಕೆ ಮಾಡಿ ಹೊದಿಸಿದಳು. ಅಯ್ಯೋ ಪುಣ್ಯಾತ್ಗಿತ್ತಿ, ಪ್ರೀತಿಯಿಂದಲೇ ಹೊದಿಸಿದಳು.

ಆ ವಾರವೇ ಕೂಸು ಮತ್ತೆ ಮಲಗಿತು. ಈ ಸಲ ಉಸಿರಾಡುವಾಗ ಎದೆಯಲ್ಲಿ ಗೊರಗೊರ ಸದ್ದು. ರಜೆಗೆಂದು ಬೆಳಿಗ್ಗೆ ಬಂದಿಳಿದ ಚಂದ್ರಾಮ ನೋಡಿದವನೇ ಆಟೋ ಕರೆತಂದ. ಶಿವದೇವಿ ಕೂಸನ್ನು ಕೌದಿಯಲ್ಲಿ ಬಿಗಿಯಾಗಿ ಸುತ್ತಿ ಎದೆಗವಚಿಕೊಂಡಳು. ಮೈ ತಣ್ಣಗಾದಂತೆಲ್ಲ ಇನ್ನಷ್ಟು ಬಿಗಿ ಮಾಡಿದಳು. ತುಳಸಾಬಾಯಿಯೂ ಅಂಚು ಎಳೆದು ಎಳೆದು ಮುಚ್ಚುತ್ತಿದ್ದಳು.

ಅಬಿಡ್ಸ್ ಹತ್ತಿರ ಸಿಗ್ನಲ್ಲಿಗೆ ಆಟೋ ನಿಂತಿತು. ಸುಮ್ಮನಿರಲಾಗದೆ ಚಂದ್ರಾಮ ಕೆಲಸದ ಮಾತು ತೆಗೆದ.

“ಈಗ ಬಾವುಟ ಮನಿಗಿ ಒಯ್ಯಾಕ ಬಿಡವಲ್ರು, ಸುಡಾಕತ್ಯಾರ. ನಮ್ಮ ಜೋಡಿ ಬಾವುಟ ಹಿಡಿಯೋ ಸಂಗಣ್ಣ ಅದನ್ನ ಹಾಸ್ಕೊಂಡು ಮಕ್ಕೊಂಡಿದ್ದ. ಬಾಯಾಗ ಬುರುಗು ಬಂದು ಒದ್ದಾಡಿದ. ತೊಳದ್ರೂ ವಿಷ ಹೋಗಂಗಿಲ್ಲಂತ ಸಾಹೇಬ ಬೈದು ಹೇಳಿದ.”

ಹೇಳಿ ಮುಗಿಸಿದ ಮೇಲೂ ಅವನಿಗೆ ಹೊಳೆಯಲಿಲ್ಲ. ತುಳಸಾಬಾಯಿಯ ಕೈ ಮಾತ್ರ ಕೌದಿಯ ಮೇಲೆ ಹಾಗೇ ನಿಂತುಬಿಟ್ಟಿತು. ತನ್ನ ಕೈಯಾರೆ ಹೊಲಿದದ್ದು, ತನ್ನ ಹಟಕ್ಕೆ ಹೊಲಿದದ್ದು. ಕೌದಿಯ ಅಂಚು ಹಿಡಿದು ಜಗ್ಗಿದಳು.

“ಅತ್ತಿ, ಏನ ಮಾಡಾಕತ್ತೀರಿ? ಕೂಸು ಥಂಡಿ ಹತ್ತಿ ಸಾಯತೈತಿ,” ಎಂದು ಶಿವದೇವಿ ಬಿಡಲಿಲ್ಲ.

“ಇದರಾಗೇ ಸಾಯಾಕತ್ತೈತಿ, ಬಿಡು. ಇದು ಆ ಬಾವುಟದ್ದು.”

ಸೊಸೆಯ ಕೈ ಸಡಿಲಾಯಿತು. ತುಳಸಾಬಾಯಿ ಕೂಸನ್ನು ಕಿತ್ತುಕೊಂಡು, ಬರಿಮೈಯಲ್ಲೇ ತನ್ನ ಸೆರಗಿನೊಳಗೆ ಅವಚಿ, ಕೌದಿಯನ್ನು ಆಟೋದಿಂದ ಹೊರಗೆಸೆದಳು. ಎಸೆದ ಮೇಲೆ ಒಂದು ಗಳಿಗೆ ಎದೆ ಹಗುರಾಯಿತು.

ಕೌದಿ ಫುಟ್‌ಪಾತಿನ ಮೇಲೆ ಬಿತ್ತು. ಅಂಗಡಿಯ ಮೆಟ್ಟಿಲ ಕೆಳಗೆ, ಪ್ಲಾಸ್ಟಿಕ್ ಹಾಳೆಯ ಅಡಿಯಲ್ಲಿ ಹೆಂಗಸೊಬ್ಬಳು ತನ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮಳೆಗೆ ನಡುಗುತ್ತ ಕೂತಿದ್ದಳು. ಎದ್ದು ಬಂದು ಕೌದಿ ಎತ್ತಿಕೊಂಡಳು. ಅಷ್ಟರಲ್ಲಿ ಸಿಗ್ನಲ್ ಬಿಟ್ಟಿತು.

“ನಿಲ್ಲಸೋ, ಆಕಿ ಹೊಚ್ಚತಾಳ, ನಿಲ್ಲಸೋ,” ಎಂದಳು ತುಳಸಾಬಾಯಿ. ಆಟೋದವನಿಗೆ ಕನ್ನಡ ಬಾರದು, ಹಿಂದೆ ಬಸ್ಸುಗಳು ಹಾರ್ನು ಹೊಡೆಯುತ್ತಿದ್ದವು. ಇಳಿಯಹೋದ ಚಂದ್ರಾಮ ಕಾಲು ಸೋತು ಸೀಟಿಗೇ ಕುಸಿದ. ಎಣ್ಣೆಯ ಮಂಜಿನಲ್ಲಿ ನಿಂತು ನಿಂತು ಅವನ ಕಾಲು ಈಗೀಗ ಅವನ ಮಾತು ಕೇಳುತ್ತಿರಲಿಲ್ಲ. ಸೆರಗಿನೊಳಗೆ ಕೂಸಿನ ಉಸಿರು ಒಮ್ಮೆ ನಿಂತು ಮತ್ತೆ ಎಳೆಯಿತು. “ನಡೀರಿ, ಮದ್ಲ ದವಾಖಾನಿಗಿ ನಡೀರಿ,” ಎಂದು ಶಿವದೇವಿ ಅಳುತ್ತಿದ್ದಳು.

ಆಟೋ ಹೊರಟಿತು. ತುಳಸಾಬಾಯಿ ಕತ್ತು ಹೊರಗೆ ಹಾಕಿ ಹಿಂದಕ್ಕೆ ನೋಡಿದಳು. ಆ ತಾಯಿ ಕೌದಿಯ ಮೇಲಿನ ಮಳೆನೀರು ಕೊಡವಿ, ತನ್ನ ಕೂಸಿಗೆ ತಲೆಯಿಂದ ಕಾಲಿನವರೆಗೆ ಸುತ್ತಿ, ಎದೆಗೊತ್ತಿಕೊಂಡಳು. ಆಮೇಲೆ ಆಟೋದ ಕಡೆ ತಿರುಗಿ ಹಣೆಗೆ ಕೈ ಹಚ್ಚಿ ಸಲಾಮು ಮಾಡಿದಳು.

“ಬ್ಯಾಡವ್ವ, ಹೊಚ್ಚಬ್ಯಾಡ,” ಎಂದು ತುಳಸಾಬಾಯಿ ಕೂಗುತ್ತಲೇ ಇದ್ದಳು. ಆಟೋ ದವಾಖಾನೆಯ ರಸ್ತೆಗೆ ತಿರುಗಿತು.